ಹಿನ್ನೀರಿನಲ್ಲಿ ನನ್ನ ಕ್ಯಾಪ್ಟನ್‌ಗಿರಿ

ದೋಣಿ ನಡೆಸುವುದು ಕಷ್ಟದ ಕೆಲಸವಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಇಪ್ಪತ್ತಾರು ವರ್ಷ ಬಾಗಲಕೋಟೆಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಳಾಗಿ ಕಡತಗಳನ್ನು ಈ ಮೇಜಿನಿಂದ ಆ ಮೇಜಿಗೆ ದಾಟಿಸಿದವಳು ನಾನು. ಕಡತಕ್ಕಿಂತ ಹಟಮಾರಿಯಾದ ವಸ್ತು ಭೂಮಿಯ ಮೇಲಿಲ್ಲ. ಅದನ್ನೇ ದಾಟಿಸಿದವಳಿಗೆ ಒಂದು ದೋಣಿಯನ್ನು ಈ ದಂಡೆಯಿಂದ ಆ ದಂಡೆಗೆ ದಾಟಿಸುವುದು ಯಾವ ಮಹಾ!

ದೋಣಿಯ ವಿಚಾರ ನನ್ನ ತಲೆಗೆ ಬಂದದ್ದು ಕೈಯ ಕಾರಣದಿಂದ. ಕೈಯ ತೊಂದರೆ ಬಂದದ್ದು ಎದೆಯ ಕಾರಣದಿಂದ. ಐವತ್ತನೆಯ ವಯಸ್ಸಿನಲ್ಲಿ ನನಗೆ ಎದೆಯ ಕ್ಯಾನ್ಸರ್ ಆಯಿತು. ಆಪರೇಷನ್ ಮಾಡಿ ಎಡಗಡೆಯದನ್ನು ತೆಗೆದರು. ಆಮೇಲೆ ಔಷಧಿ ಏರಿಸಿದರು. ಕೂದಲು ಹೋಯಿತು, ಕೂದಲು ಬಂತು. ಇವೆಲ್ಲ ಕ್ರಮವಾಗಿ, ಸಕಾಲದಲ್ಲಿ ನಡೆದವು. ತಕರಾರು ತೆಗೆದದ್ದು ಎಡಗೈ ಮಾತ್ರ. ಅದು ಭುಜದ ಮಟ್ಟದವರೆಗೆ ಬಂದು ಅಲ್ಲಿಯೇ ನಿಂತುಬಿಡುತ್ತಿತ್ತು. ಮುಂದೆ ಹೋಗಲು ಮೇಲಧಿಕಾರಿಗಳ ಅಪ್ಪಣೆ ಬೇಕು ಎನ್ನುವಂತೆ!

ದವಾಖಾನೆಯಲ್ಲಿ ಕೈಯ ವ್ಯಾಯಾಮ ಕಲಿಸುವ ಡಾಕ್ಟರಮ್ಮ ಒಬ್ಬರಿದ್ದರು. ಮೈಸೂರು ಕಡೆಯವರು, ವಯಸ್ಸಿನಲ್ಲಿ ನನ್ನ ಮಗಳಷ್ಟು. ಅವರು ಹೇಳಿದ ವ್ಯಾಯಾಮ ಸರಳವಾಗಿತ್ತು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಜೇಡದಂತೆ ಮೇಲೆ ಮೇಲೆ ಹತ್ತಿಸಬೇಕು. ನವನಗರದ ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ನಾನು ಮೂರು ತಿಂಗಳು ಬೆರಳು ಹತ್ತಿಸಿದೆ. ಕೈ ಮೇಲೇರಲಿಲ್ಲ. ಗೋಡೆ ಮಾತ್ರ ಕಪ್ಪಾಯಿತು.

ನಮ್ಮವರು ನಿವೃತ್ತ ಬಸ್ ಕಂಡಕ್ಟರ್. ಸೀಟಿ, ಚೀಲ ಎರಡನ್ನೂ ಇನ್ನೂ ಮೊಳೆಗೆ ತೂಗು ಹಾಕಿಟ್ಟುಕೊಂಡಿದ್ದಾರೆ. ಅವರು ಗೋಡೆಯನ್ನು ನೋಡಿ ನೋಡಿ ಒಂದು ದಿನ ಬಾಯಿ ಬಿಟ್ಟರು.

“ಕಸ್ತೂರಿ, ಗ್ವಾಡಿಗೆ ಸುಣ್ಣಾ ಹಚ್ಚಿ ಇನ್ನಾ ವರ್ಷ ಆಗಿಲ್ಲ. ಸ್ವಲ್ಪ ಮ್ಯಾಲಾದ್ರೂ ಹತ್ತಸು. ಒಂದ ಜಾಗಾ ಎಷ್ಟಂತ ಹೊಲಸ ಮಾಡ್ತೀ?”

“ಮ್ಯಾಲ ಹತ್ತೂದಿದ್ರ ವ್ಯಾಯಾಮ ಯಾಕ ಬೇಕಿತ್ರಿ?”

ವಾದದಲ್ಲಿ ಸೋತಾಗಲೆಲ್ಲ ಅವರು ಹೊರಗೆ ಹೋಗಿ ಮಿರ್ಚಿ ಭಜಿ ತರುತ್ತಾರೆ. ಅಂದೂ ತಂದರು. ತಿಂದು ಮುಗಿಸಿ, ಎಣ್ಣೆ ಕುಡಿದ ಪತ್ರಿಕೆಯ ಹಾಳೆಯನ್ನು ನಾನು ಓದತೊಡಗಿದೆ. ಕಾಗದ ಕಂಡರೆ ಓದದೆ ಬಿಡದಿರುವುದು ನನ್ನ ವೃತ್ತಿಯ ದೋಷ. ಅದರಲ್ಲಿ ಯಾವುದೋ ದೂರದೇಶದ ಹೆಂಗಸರ ಚಿತ್ರವಿತ್ತು. ಎಲ್ಲರಿಗೂ ನನ್ನಂತೆಯೇ ಆಪರೇಷನ್ ಆಗಿತ್ತಂತೆ. ಎಲ್ಲರೂ ಕೂಡಿ ಉದ್ದನೆಯ ದೋಣಿಯಲ್ಲಿ ಕುಳಿತು ಹುಟ್ಟು ಹಾಕುತ್ತಿದ್ದರು. ಹಾಗೆ ಹಾಕಿ ಹಾಕಿ ಕೈಗಳು ಸಲೀಸಾದವಂತೆ, ಒಬ್ಬರಿಗೊಬ್ಬರು ಆಸರೆಯಾದರಂತೆ. ಕೊನೆಯ ಸಾಲು, ‘ಆದರೆ ದೋಣಿ ಏರುವ ಮೊದಲು ಕಡ್ಡಾಯವಾಗಿ’ ಎಂದಿತ್ತು. ಅಲ್ಲಿಗೆ ಹಾಳೆ ಹರಿದಿತ್ತು. ಉಳಿದರ್ಧ ಬೇರೆ ಯಾರದೋ ಭಜಿಯ ಜೊತೆ ಹೋಗಿತ್ತು.

ಅರ್ಧ ಓದಿದ ಕಾಗದಕ್ಕೆ ಸಹಿ ಮಾಡಬಾರದೆಂದು ಕಚೇರಿಯಲ್ಲಿ ಹೊಸಬರಿಗೆ ಬುದ್ಧಿ ಹೇಳುತ್ತಿದ್ದವಳು ನಾನೇ. ಆದರೂ ಆ ಸಂಜೆಯೇ ನಿರ್ಧಾರ ಕೈಗೊಂಡೆ.

ನೀರಿಗೆ ಕೊರತೆಯಿರಲಿಲ್ಲ. ಅಣೆಕಟ್ಟೆಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿ ನಾಲ್ಕೈದು ವರ್ಷಗಳಾಗಿದ್ದವು. ನಮ್ಮನ್ನು ನವನಗರಕ್ಕೆ ಕಳಿಸಿ, ನಮ್ಮ ಓಣಿಗಳಲ್ಲಿ ನೀರು ವಾಸಕ್ಕಿತ್ತು. ಬೇಕಾದದ್ದು ಜನ ಮಾತ್ರ.

ಜನ ದವಾಖಾನೆಯ ಬೆಂಚಿನ ಮೇಲೆಯೇ ಸಿಕ್ಕರು. ಮುಂದಿನ ತಪಾಸಣೆಯ ದಿನ ನನ್ನ ಬಲಕ್ಕೆ ಇಳಕಲ್ಲಿನ ಜೈತುನ್‌ಬಿ ಕುಳಿತಿದ್ದರು. ಬಳೆ ವ್ಯಾಪಾರದವರು, ನನಗಿಂತ ಎರಡು ವರ್ಷ ಮೊದಲು ಆಪರೇಷನ್ ಆದವರು. ಹಾಗಾಗಿ ಬೆಂಚಿನಲ್ಲಿ ಸೀನಿಯರ್. ಎಡಕ್ಕೆ ಗುಳೇದಗುಡ್ಡದ ನೀಲಮ್ಮ ಕುಳಿತಿದ್ದಳು. ಮನೆಯಲ್ಲಿ ಮಗ್ಗವಿಟ್ಟುಕೊಂಡು ಕುಬಸದ ಖಣ ನೇಯುತ್ತಿದ್ದವಳು. ಆಪರೇಷನ್ ಆದ ಕಡೆಯ ಬಲಗೈ ಊದಿಕೊಂಡು ಲಾಳಿ ಒಗೆಯಲು ಬಾರದೆ ಮಗ್ಗ ನಿಂತಿತ್ತು. ಅವಳ ಅತ್ತೆ ಈ ರೋಗ ಅಂಟುತ್ತದೆಂದು ನಂಬಿ ಅವಳ ತಾಟು, ತಂಬಿಗೆಗಳನ್ನು ಬೇರೆ ಇಟ್ಟಿದ್ದರು. ಇದನ್ನು ನೀಲಮ್ಮ ಹೇಳಿದ್ದಲ್ಲ. ಅವಳು ಏನನ್ನೂ ಹೇಳುತ್ತಿರಲಿಲ್ಲ. ಜೊತೆಗೆ ಬಂದಿದ್ದ ಅತ್ತೆಯೇ ಬೆಂಚಿನ ತುದಿಯಲ್ಲಿ ಕುಳಿತು ಬಂದವರಿಗೆಲ್ಲ ಹೇಳುತ್ತಿದ್ದರು.

ನಾನು ಎಣ್ಣೆಯ ಹಾಳೆಯನ್ನು ತೆಗೆದು ಇಬ್ಬರಿಗೂ ಓದಿ ಹೇಳಿದೆ.

ಜೈತುನ್‌ಬಿ ಚಿತ್ರವನ್ನು ಹತ್ತಿರ ಹಿಡಿದು ನೋಡಿದರು. “ಇವ್ರು ಭಾಳ ಗಟ್ಟಿ ಅದಾರ್ರಿ ಕಸ್ತೂರಿಬಾಯಿ. ನಮಗ ಬಸ್ ಹತ್ತಾಕ ಬರೂದಿಲ್ಲ, ದೋಣಿ ಏನ್ ಹತ್ತೂದು?”

“ಬಸ್ಸಿಗೆ ಮೆಟ್ಲ ಎತ್ತರ. ದೋಣಿಗೆ ಮೆಟ್ಲೇ ಇಲ್ಲ,” ಎಂದೆ.

“ಈಜು ಬರ್ತೈತೇನು ನಿಮಗ?”

“ಈಜೂದು ದೋಣಿ ಇಲ್ಲದವ್ರಿಗೆ ಬೇಕು. ನಮಗ ದೋಣಿ ಇರ್ತೈತಲ್ಲ!”

ಈ ತರ್ಕಕ್ಕೆ ಜೈತುನ್‌ಬಿ ಸೋತರು, ಅಥವಾ ಸೋತಂತೆ ಮಾಡಿದರು. ನೀಲಮ್ಮನ ಕಡೆ ತಿರುಗಿ, “ನೀ ಏನಂತೀ ತಂಗಿ?” ಎಂದು ಕೇಳಿದೆ. ಅವಳು ತನ್ನ ಊದಿದ ಕೈ ನೋಡಿಕೊಂಡು ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ. ಸ್ಪಷ್ಟವಿಲ್ಲದ್ದನ್ನು ಒಪ್ಪಿಗೆ ಎಂದು ದಾಖಲಿಸುವುದು ಕಚೇರಿಯ ಪದ್ಧತಿ. ದಾಖಲಿಸಿದೆ.

ಡಾಕ್ಟರಮ್ಮ ಕೇಳಿ ಖುಷಿಪಟ್ಟರು. “ಐಡಿಯಾ ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ನಿಧಾನ. ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ. ಕೈ ಊದಿದ್ರೆ ತಕ್ಷಣ ನಿಲ್ಲಿಸಿ. ನೀರಲ್ಲಿ ತೇಲೋ ಜಾಕೆಟ್ ಇಲ್ದೆ ಮಾತ್ರ ಇಳೀಲೇಬಾರದು.”

ತೇಲುವ ಜಾಕೆಟ್ಟನ್ನು ಬಾಗಲಕೋಟೆಯ ಬಟ್ಟೆ ಅಂಗಡಿಗಳಲ್ಲಿ ಕೇಳಿದೆ. ಸ್ವೆಟರ್ ತೋರಿಸಿದರು. ಕೊನೆಗೆ ಜೈತುನ್‌ಬಿಯ ಅಳಿಯ ಉಪಾಯ ಹೇಳಿದ. ಅವನದು ಊರಲ್ಲಿ ಪಂಕ್ಚರ್ ಅಂಗಡಿ. ಅವನು ಕೊಟ್ಟ ಸ್ಕೂಟರಿನ ಹಳೆಯ ಟ್ಯೂಬುಗಳಿಗೆ ಗಾಳಿ ತುಂಬಿ ಕೊರಳಿಗೆ ಹಾಕಿಕೊಂಡೆವು. ನೀಲಮ್ಮನ ಕೊರಳಿಗೆ ಅದು ಹಾರದಂತೆ ಕಾಣುತ್ತಿತ್ತು. ನನ್ನ ಕೊರಳಿಗೆ ಬಿಗಿಯಾಗಿ, ಗದ್ದ ಆಕಾಶ ನೋಡುತ್ತಿತ್ತು.

ದೋಣಿಯವನು ಅಂಬಿಗರ ಯಲ್ಲಪ್ಪ, ಅರವತ್ತು ದಾಟಿದವನು. ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ. ನಮ್ಮ ಮೂವರನ್ನೂ, ಮೂರು ಟ್ಯೂಬುಗಳನ್ನೂ ಬಹಳ ಹೊತ್ತು ನೋಡಿದ.

“ಬಾಯಾರ, ಆಚೀ ದಂಡಿಗೆ ಏನರ ಕೆಲಸ ಐತೇನ್ರಿ?”

“ಕೆಲಸ ಏನೂ ಇಲ್ಲ. ಹೋಗಿ ಹೊಳ್ಳಿ ಬರೂದು.”

“ಹೊಳ್ಳಿ ಬರೂದಿದ್ರ ಹೋಗೂದ್ಯಾಕ್ರಿ?”

ಕಾರಣ ಹೇಳಿದೆ. ಅವನು ತಲೆಯ ಪಟಕ ತೆಗೆದು ಕೊಡವಿ ಮತ್ತೆ ಸುತ್ತಿಕೊಂಡ. “ನನ್ನ ಹೆಂಡ್ತಿಗೂ ಅದ ಜಡ್ಡ ಇತ್ರಿ. ದವಾಖಾನಿಗೆ ಒಯ್ಯೂದ್ರಾಗ ತಡಾ ಆತು,” ಎಂದ. ಆಮೇಲೆ ಒಂದೂ ಪ್ರಶ್ನೆ ಕೇಳದೆ ಹರಗೋಲನ್ನು ನೀರಿಗೆ ತಳ್ಳಿದ.

ಹರಗೋಲು ಎಂದರೆ ಬಿದಿರಿನ ದೊಡ್ಡ ಬುಟ್ಟಿ. ಅದಕ್ಕೆ ಮುಂದೆ ಹಿಂದೆ ಎಂಬುದಿಲ್ಲ. ಈ ಸಂಗತಿ ನನಗೆ ನೀರಿನ ಮಧ್ಯದಲ್ಲಿ ತಿಳಿಯಿತು. ನಾನು ಜೋರಾಗಿ ಹುಟ್ಟು ಹಾಕಿದೆ, ಅದು ಎಡಕ್ಕೆ ತಿರುಗಿತು. ಜೈತುನ್‌ಬಿ ಸರಿಪಡಿಸಲು ಹೋದರು, ಇನ್ನಷ್ಟು ಎಡಕ್ಕೆ ತಿರುಗಿತು. ಹತ್ತು ನಿಮಿಷದ ವ್ಯಾಯಾಮದಲ್ಲಿ ನಾವು ಒಂದು ಮಾರು ಮುಂದೆ ಹೋಗಿ ಮೂವತ್ತು ಸುತ್ತು ತಿರುಗಿದೆವು. ದಂಡೆಗೆ ಬಂದವಳೇ ನಾನು ಬೆಳಗಿನ ಉಪ್ಪಿಟ್ಟನ್ನು ಪೂರ್ಣವಾಗಿ ಹಿಂದಿರುಗಿಸಿದೆ.

“ಇದು ತಿರಗಾಕ ಹುಟ್ಟಿದ್ದು, ನೀವು ನೆಟ್ಟಗ ಹೋಗಾಕ ಹುಟ್ಟಿದವ್ರು. ಕೂಡೂದಿಲ್ರಿ,” ಎಂದ ಯಲ್ಲಪ್ಪ. ಮುಂದಿನ ರವಿವಾರ ತನ್ನ ಬೀಗನ ಕಟ್ಟಿಗೆಯ ದೋಣಿ ತಂದ. ಅದಕ್ಕೆ ನಾಲ್ಕು ಹುಟ್ಟು ಇದ್ದವು. ಮುಖ್ಯವಾಗಿ, ಮುಂದೆ ಹಿಂದೆ ಇದ್ದವು!

ಆದರೆ ಅದರಲ್ಲಿ ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕಿತ್ತು. ಜೈತುನ್‌ಬಿಗೆ ಇದು ಸುತಾರಾಂ ಒಪ್ಪಿಗೆಯಾಗಲಿಲ್ಲ. “ಯಾ ಅಲ್ಲಾ, ಹೋಗೂದು ಆ ಕಡಿ, ಮಾರಿ ಈ ಕಡಿ! ಎದಕ್ಕ ಹಾಯ್ತೇವಿ ಅನ್ನೂದು ಹಾಯ್ದ ಮ್ಯಾಲ ತಿಳೀಬೇಕೇನು?” ಎಂದರು. ಆಗ ನಾನು, ಒಬ್ಬರು ಹಿಂದೆ ಕುಳಿತು ಮುಂದೆ ನೋಡುತ್ತ ದಾರಿ ಹೇಳಬೇಕು, ಅವರಿಗೆ ಕ್ಯಾಪ್ಟನ್ ಎನ್ನುತ್ತಾರೆ ಎಂದು ವಿವರಿಸಿದೆ. ಕ್ಯಾಪ್ಟನ್ ಯಾರೆಂಬ ಚರ್ಚೆಗೆ ಅವಕಾಶ ಕೊಡದೆ ಹೋಗಿ ಆ ಜಾಗದಲ್ಲಿ ಕುಳಿತೆ. ನನ್ನ ಕೈಗೆ ವ್ಯಾಯಾಮವಾಗಲಿ ಎಂದು ದಿಕ್ಕು ತಿದ್ದಲು ಒಂದು ಸಣ್ಣ ಹುಟ್ಟನ್ನೂ ಇಟ್ಟುಕೊಂಡೆ.

ಇಲ್ಲಿ ಒಂದು ಗೌಪ್ಯ ವಿಷಯವನ್ನು ಹೇಳಲೇಬೇಕಾಗಿದೆ. ಆಪರೇಷನ್ ಆದ ಮೇಲೆ ಎರಡೂ ಕಡೆ ಸಮ ಕಾಣಲೆಂದು ನಾನು ಬಟ್ಟೆಯ ಸಣ್ಣ ಚೀಲ ಹೊಲಿದು ಅದರಲ್ಲಿ ಹೆಸರುಕಾಳು ತುಂಬಿ ಇಟ್ಟುಕೊಳ್ಳುತ್ತಿದ್ದೆ. ತೂಕ ಸರಿಹೋಗುತ್ತಿತ್ತು. ಆ ರವಿವಾರ ದೋಣಿ ಹತ್ತುವಾಗ ಕಾಲು ಜಾರಿ ಎದೆಮಟ್ಟ ನೀರಿಗೆ ಬಿದ್ದೆ. ಸೀರೆ ಬಿಸಿಲಿಗೆ ಒಣಗಿತು, ಎಲ್ಲವೂ ಒಣಗಿದೆ ಎಂದುಕೊಂಡೆ. ಮಧ್ಯಾಹ್ನ ಪಕ್ಕದ ಮನೆಯಲ್ಲಿ ಅವರ ಬಸುರಿ ಸೊಸೆಯ ಕುಬಸದ ಕಾರ್ಯ. ಅವಸರದಲ್ಲಿ ಸೀರೆ ಬದಲಿಸಿ ಹೋಗಿ ಹೆಂಗಸರ ನಡುವೆ ಕುಳಿತೆ. ಒಳಗೆ ಹೆಸರುಕಾಳು ತನ್ನ ಕರ್ತವ್ಯವನ್ನು ಮಾಡತೊಡಗಿತ್ತು. ಆರತಿ ಮುಗಿಯುವ ಹೊತ್ತಿಗೆ ಎಡಗಡೆಗೆ ಬಡ್ತಿ ಸಿಕ್ಕಿತ್ತು!

ಮನೆಗೆ ಓಡಿಬಂದು ಅದನ್ನು ತೆಗೆದು ಕಪಾಟಿನೊಳಗೆ ಬಿಸಾಕಿದೆ. ಮರೆತೆ. ಬುಧವಾರ ಬೆಳಿಗ್ಗೆ ನಮ್ಮವರು ಟವೆಲ್ ಹುಡುಕಲು ಕಪಾಟು ತೆಗೆದವರು ಓಣಿಗೆಲ್ಲ ಕೇಳುವಂತೆ ಕೂಗಿದರು.

“ಕಸ್ತೂರೀ! ನಿನ್ನ ಎದಿ ಮೊಳಕಿ ಒಡದೈತಿ!”

ಮುಂದಿನ ರವಿವಾರ ದೋಣಿಯಲ್ಲಿ ಇದನ್ನು ಹೇಳಿದೆ. ಹೇಳಬಾರದಿತ್ತು. ಜೈತುನ್‌ಬಿ ನಕ್ಕ ರಭಸಕ್ಕೆ ಹುಟ್ಟು ಕೈಬಿಟ್ಟು ನೀರು ಪಾಲಾಯಿತು. “ಕೋಸಂಬರಿ ಮಾಡಿದ್ರೋ ಇಲ್ಲೋ?” ಎಂದು ಕೇಳಿ ಮತ್ತೆ ನಕ್ಕರು. ಆಗ ಅವರ ಹಿಂದಿನಿಂದ ಇನ್ನೊಂದು ನಗು ಕೇಳಿತು. ಸಣ್ಣದು, ತಡವರಿಸಿ ಬಂದದ್ದು. ನೀಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಒಂದೂವರೆ ತಿಂಗಳಲ್ಲಿ ನಾವು ಕೇಳಿದ ಅವಳ ಮೊದಲ ಪೂರ್ತಿ ವಾಕ್ಯ ಇದು:

“ನಾ ರೇಶ್ಮಿ ನೂಲಿನ ಚಿಂದಿ ತುಂಬೇನ್ರಿ ಅಕ್ಕಾರ. ಅದು ಮೊಳಕಿ ಒಡಿಯೂದಿಲ್ಲ.”

ಯಲ್ಲಪ್ಪ ಬಗ್ಗಿ ನೀರಿನೊಳಗಿನ ಹುಟ್ಟನ್ನು ಎತ್ತಿಕೊಳ್ಳುತ್ತ ಏನೂ ಕೇಳಿಸದವನಂತೆ ಮುಖ ಮಾಡಿದ್ದ. ಭುಜ ಮಾತ್ರ ಕುಣಿಯುತ್ತಿತ್ತು.

ಅಲ್ಲಿಂದ ಎಲ್ಲ ಸುಸೂತ್ರವಾಗಿ ನಡೆಯಿತು ಎನ್ನಬೇಕು. ಕೆರೂರಿನಿಂದ ಒಬ್ಬರು, ಹುನಗುಂದದಿಂದ ಒಬ್ಬರು ಬಂದು ಸೇರಿದರು. ಇಬ್ಬರೂ ಅದೇ ಬೆಂಚಿನವರೇ. ರವಿವಾರ ಬೆಳಿಗ್ಗೆ ಬಸ್ಸಿಳಿದು ಬರುವುದು, ಟ್ಯೂಬು ಹಾಕಿಕೊಳ್ಳುವುದು, ಯಲ್ಲಪ್ಪ ಹೇಳಿದಷ್ಟು ದೂರ ಹೋಗಿ ಬರುವುದು, ದಂಡೆಯಲ್ಲಿ ರೊಟ್ಟಿ ಬಿಚ್ಚಿ ಕೂರುವುದು. ಮನೆಗಳಲ್ಲಿ ಹೇಳಲಾಗದ್ದನ್ನು ಅಲ್ಲಿ ಹೇಳುತ್ತಿದ್ದೆವು. ಕೆರೂರಿನವರು ಕನ್ನಡಿ ನೋಡುವುದನ್ನೇ ಬಿಟ್ಟಿದ್ದರು. ಜೈತುನ್‌ಬಿ ತಪಾಸಣೆಯ ಹಿಂದಿನ ರಾತ್ರಿ ಆಗಲೂ ನಿದ್ದೆ ಮಾಡುತ್ತಿರಲಿಲ್ಲ. ಅಳುವವರು ಅಳುತ್ತಿದ್ದರು, ಉಳಿದವರು ಚಟ್ನಿ ಬಡಿಸುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ನನ್ನ ಎಡಗೈ ಕಚೇರಿಯ ಮೇಲಿನ ಅಟ್ಟದ ಕಡತವನ್ನು ತಲುಪಿತು. ನೀಲಮ್ಮನ ಕೈಯ ಊತ ಇಳಿದಿದೆಯೆಂದು ಡಾಕ್ಟರಮ್ಮ ಟೇಪಿನಿಂದ ಅಳೆದು ಹೇಳಿದರು. ಆದರೆ ಅತ್ತೆ ಅವಳನ್ನು ಮಗ್ಗಕ್ಕೆ ಕೂರಿಸಲು ಇನ್ನೂ ಒಪ್ಪಿರಲಿಲ್ಲ. ತಾಟು ಇನ್ನೂ ಬೇರೆಯೇ ಇತ್ತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ. ನನಗೆ ಸಾರ್ವಜನಿಕ ಪ್ರದರ್ಶನ ಮಾಡುವ ಬುದ್ಧಿ ಬಂತು!

ಉದ್ದೇಶ ಒಳ್ಳೆಯದೇ. ನೀಲಮ್ಮನ ಅತ್ತೆ ಬಂದು ಸೊಸೆಯ ಕೈಯನ್ನು ಕಣ್ಣಾರೆ ನೋಡಲಿ ಎಂಬುದು ಒಂದು. ಜನ ನನ್ನ ಕ್ಯಾಪ್ಟನ್‌ಗಿರಿಯನ್ನು ನೋಡಲಿ ಎಂಬುದು ಇನ್ನೊಂದು. ಎರಡನೆಯದನ್ನು ಆಮಂತ್ರಣ ಪತ್ರಿಕೆಯಲ್ಲಿ ಬರೆಯಲಿಲ್ಲ. ‘ಮಾನ್ಯರೆ, ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ’ ಎಂದು ಆರಂಭಿಸಿ ಫೆಬ್ರವರಿಯ ಕೊನೆಯ ರವಿವಾರವನ್ನು ನಿಗದಿಪಡಿಸಿದೆ. ಡಾಕ್ಟರಮ್ಮ, ನಮ್ಮ ಕಚೇರಿಯವರು, ಓಣಿಯವರು, ಎಲ್ಲರ ಮನೆಯವರಿಗೂ ಹಂಚಿದೆ.

ಯಲ್ಲಪ್ಪನಿಗೂ ಒಂದು ಕೊಟ್ಟೆ. ಅವನಿಗೆ ಓದು ಬರುತ್ತಿರಲಿಲ್ಲ, ಓದಿ ಹೇಳಿದೆ.

“ಬಾಯಾರ, ನೀರು ಇಳ್ಯಾಕತ್ತೈತ್ರಿ. ಬ್ಯಾಸಗಿ ಬಂತಂದ್ರ ಹಿನ್ನೀರು ಹಿಂದ ಸರೀತೈತಿ. ಮುಳುಗಿದ ಮನಿ ಗ್ವಾಡಿ ಎಲ್ಲಾ ಮ್ಯಾಲ ಬರ್ತಾವು. ಈ ಜನವರಿದಾಗ ಮಾಡಿಬಿಡ್ರಿ.”

“ತಾರೀಖು ಬರದಾಗೈತಿ ಯಲ್ಲಪ್ಪಣ್ಣ. ಪತ್ರಿಕಿ ಹಂಚಿ ಆಗೈತಿ. ಬದಲಿ ಮಾಡಾಕ ಬರೂದಿಲ್ಲ.”

“ಹಂಗಾರ ನೀರಿಗೂ ಒಂದು ಪತ್ರಿಕಿ ಕೊಟ್ಟು ಬರ್ರಿ,” ಎಂದು ಅವನು ಬಲೆ ಹೆಗಲಿಗೇರಿಸಿ ಹೋದ.

ಪ್ರದರ್ಶನದ ಹಿಂದಿನ ದಿನ ವ್ಯವಸ್ಥೆ ನೋಡಲು ಹೋದೆ. ನೀರು ನಿಜಕ್ಕೂ ಬಹಳ ಹಿಂದೆ ಸರಿದಿತ್ತು. ದಂಡೆಯಿಂದ ನೀರಿನವರೆಗೆ ಕಪ್ಪು ಕೆಸರು, ದೋಣಿ ಹತ್ತಲು ನಡುವೆ ಯಲ್ಲಪ್ಪ ಹಾಸಿದ್ದ ಕಲ್ಲಿನ ಸಾಲು. ನೀರಿನೊಳಗೆ ಸ್ವಲ್ಪ ದೂರದಲ್ಲಿ ಯಲ್ಲಪ್ಪ ಒಂದು ಬಿದಿರಿನ ಗಳ ನೆಟ್ಟು, ಅದಕ್ಕೆ ಹರಕು ಕಪ್ಪು ಅರಿವೆ ಕಟ್ಟಿದ್ದ. ಸಮಾರಂಭದ ಜಾಗದಲ್ಲಿ ಕಪ್ಪು ಅರಿವೆ! ಫೋಟೋದಲ್ಲಿ ಕೆಟ್ಟದಾಗಿ ಕಾಣುತ್ತದೆ ಎಂದು ನಮ್ಮವರನ್ನು ದೋಣಿಯಲ್ಲಿ ಕರೆದೊಯ್ದು ಅವರ ಕೈಯಲ್ಲಿ ಅದನ್ನು ಕೀಳಿಸಿ, ಅದೇ ಗಳಕ್ಕೆ ‘ಸುಸ್ವಾಗತ’ ಎಂಬ ಬಟ್ಟೆ ಕಟ್ಟಿ ದಂಡೆಯಲ್ಲಿ ನಿಲ್ಲಿಸಿದೆ. ಅದು ಅಲ್ಲಿ ಯಾಕಿತ್ತೆಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ.

ರವಿವಾರ ಜನ ಸೇರಿದರು. ಡಾಕ್ಟರಮ್ಮ ಕ್ಯಾಮೆರಾ ತಂದಿದ್ದರು. ನೀಲಮ್ಮನ ಅತ್ತೆ ಬಂದು ದೂರದಲ್ಲಿ ಕಲ್ಲಿನ ಮೇಲೆ ಕುಳಿತರು, ಎರಡು ರೊಟ್ಟಿಯ ಗಂಟುಗಳ ಜೊತೆ. ಒಂದು ತನಗೆ, ಒಂದು ಸೊಸೆಗೆ. ನಾನು ಇಳಕಲ್ ಸೀರೆ ಉಟ್ಟು, ಅದರ ಮೇಲೆ ಟ್ಯೂಬು ಧರಿಸಿ ಸಿದ್ಧಳಾದೆ.

ಯಲ್ಲಪ್ಪ ಎಂದಿನಂತೆ ದೋಣಿ ಹತ್ತಲು ಬಂದ. ತಡೆದೆ. “ಇವತ್ತ ನಾವು ಹೆಣ್ಣಮಕ್ಕಳಷ್ಟ ಹೋಗ್ತೇವಿ. ನೀ ಬಂದ್ರ ನೀನ ನಡಿಸಿದಿ ಅಂತಾರ.”

“ನಾ ಸುಮ್ನ ಕುಂಡ್ರತೇನ್ರಿ.”

“ಸುಮ್ನ ಕುಂತವ್ರ ಕೆಲಸಾ ಮಾಡ್ಯಾರಂತ ಜನಾ ತಿಳ್ಕೊತಾರ. ನಾ ಕಚೇರಿಯೊಳಗ ನೋಡೇನಿ.”

ಅವನು ನೀರಿನ ಕಡೆ ಕಣ್ಣು ಹಾಯಿಸಿ, “ನಾ ನೆಟ್ಟ ಗಳಾ ಎಲ್ಲೆ ಹೋತ್ರಿ?” ಎಂದು ಕೇಳುತ್ತಿದ್ದ. ಅಷ್ಟರಲ್ಲಿ ನಮ್ಮವರು ಹಳೆಯ ಸೀಟಿ ತೆಗೆದು ಎರಡು ಸಲ ಊದಿ, “ರೈಟ್! ರೈಟ್!” ಎಂದು ಕೂಗಿಬಿಟ್ಟರು. ದೋಣಿ ಹೊರಟಿತು.

ಏನು ಹೊರಟಿತು! ನಾಲ್ಕು ಹುಟ್ಟುಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಬೀಳುತ್ತಿದ್ದವು. ದಂಡೆಯಲ್ಲಿ ಚಪ್ಪಾಳೆ. ದೋಣಿಯಲ್ಲಿ ಮುಂದೆ ನೋಡುವ ಜವಾಬ್ದಾರಿ ಇದ್ದವಳು ನಾನೊಬ್ಬಳೇ. ನಾನು ಪೂರ್ತಿ ತಿರುಗಿ ದಂಡೆಯ ಕಡೆ ಕೈ ಬೀಸುತ್ತಿದ್ದೆ. ಚಪ್ಪಾಳೆ ಎಲ್ಲಿಂದ ಬರುತ್ತದೋ ಅಲ್ಲಿಗಲ್ಲವೇ ಮುಖ ತಿರುಗುವುದು?

ಖಟ್!

ದೋಣಿ ನಿಂತಿತು. ನಿಂತದ್ದಷ್ಟೇ ಅಲ್ಲ, ನನ್ನ ಕಡೆ ಕೆಳಗಾಗಿ ಅವರ ಕಡೆ ಮೇಲಾಗಿ ತೂಗತೊಡಗಿತು. ನಿನ್ನೆ ಕಪ್ಪು ಅರಿವೆಯ ಗಳ ನಿಂತಿದ್ದ ಜಾಗದಲ್ಲೇ, ಹಳೆಯ ಯಾವುದೋ ಮನೆಯ ಕಲ್ಲಿನ ಗೋಡೆಯ ಮೇಲೆ ನಾವು ಹತ್ತಿ ಕುಳಿತಿದ್ದೆವು.

ಜೈತುನ್‌ಬಿ ಹಿಂತಿರುಗಿ ನೋಡಿದರು. “ಕಸ್ತೂರಿಬಾಯಿ, ಇದು ಅಕ್ಕಸಾಲಿಗರ ಓಣಿ. ಈ ಮನಿ ಕಟ್ಟಿಮ್ಯಾಲ ಕುಂತು ನಾ ಬಳಿ ಇಡಸೇನಿ. ಆವಾಗ ಬಾಗಲದಿಂದ ಬರ್ತಿದ್ದೆ.”

ದಂಡೆಯಿಂದ ನಮ್ಮವರ ಸೀಟಿ ಕೇಳಿತು. “ಹೋಲ್ಡಾನ್! ಹೋಲ್ಡಾನ್!” ನಾವು ಆಗಲೇ ಹೋಲ್ಡಾನ್ ಆಗಿದ್ದೆವು.

“ಯಾರೂ ಹೆದರಬ್ಯಾಡ್ರಿ, ನಾ ನೂಕತೇನಿ,” ಎಂದು ಘೋಷಿಸಿ ನಾನು ಎದ್ದು ನಿಂತೆ. ದೋಣಿಯಲ್ಲಿ ಎದ್ದು ನಿಲ್ಲಬಾರದೆಂದು ಯಲ್ಲಪ್ಪ ಆರು ತಿಂಗಳಿಂದ ಹೇಳುತ್ತಿದ್ದ. ಹುಟ್ಟನ್ನು ಗೋಡೆಗೆ ಕೊಟ್ಟು ಬಲವಾಗಿ ನೂಕಿದೆ. ದೋಣಿ ಅಲುಗಲಿಲ್ಲ, ನಾನು ಅಲುಗಿದೆ. ಮರುಕ್ಷಣ ನೀರಿನಲ್ಲಿದ್ದೆ.

ಸಾಯುವಾಗ ಮನುಷ್ಯ ದೊಡ್ಡ ಮಾತು ಹೇಳುತ್ತಾನೆ ಎನ್ನುತ್ತಾರೆ. ನಾನು “ಸೀರಿ! ಸೀರಿ!” ಎಂದು ಕೂಗಿದೆನಂತೆ. ಕೈಕಾಲು ಬಡಿದೆ, ನೀರು ಕುಡಿದೆ, ಕುಲದೈವಕ್ಕೆ ಹರಕೆ ಹೊತ್ತೆ. ದಂಡೆಯಿಂದ ಯಲ್ಲಪ್ಪ ಕೂಗುತ್ತಿದ್ದ. “ನಿಂದರ್ರಿ ಬಾಯಾರ! ಕೆಳಗ ಗ್ವಾಡಿ ಐತಿ, ಸುಮ್ನ ನಿಂದರ್ರಿ!”

ನಿಂತೆ. ನೀರು ಮೊಣಕಾಲಿಗೆ ಬಂತು.

ನಾನು ಇಳಿದದ್ದೇ ತಡ, ದೋಣಿ ಹಗುರಾಗಿ ತಾನಾಗಿಯೇ ಗೋಡೆಯಿಂದ ಜಾರಿ ನೀರಿಗೆ ಇಳಿಯಿತು. ಅಷ್ಟು ಹೊತ್ತು ಅದನ್ನು ಹಿಡಿದಿಟ್ಟದ್ದು ಯಾವುದು ಎಂಬುದು ಊರಿನ ಸಮಸ್ತರಿಗೂ ಸ್ಪಷ್ಟವಾಯಿತು!

ಈಗ ದೋಣಿಯಲ್ಲಿ ನಾಲ್ವರು. ಕ್ಯಾಪ್ಟನ್ ಇಲ್ಲ, ಮುಂದೆ ನೋಡುವವರಿಲ್ಲ. ಕೆರೂರಿನವರು ಅಳತೊಡಗಿದರು. ಜೈತುನ್‌ಬಿ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಕುಳಿತರು. ಆಗ ನೀಲಮ್ಮ ತನ್ನ ಹುಟ್ಟನ್ನು ಹುನಗುಂದದವರ ಕೈಗೆ ಕೊಟ್ಟು, ಕುಳಿತಲ್ಲಿಂದಲೇ ಸರಿದು ಸರಿದು ನನ್ನ ಜಾಗಕ್ಕೆ ಹೋದಳು. ದೋಣಿ ನೂಕಲೆಂದು ಯಲ್ಲಪ್ಪ ಅಲ್ಲಿ ಇಟ್ಟಿರುತ್ತಿದ್ದ ಇನ್ನೊಂದು ಗಳವನ್ನು ಕೈಗೆತ್ತಿಕೊಂಡಳು.

“ಅಳಬ್ಯಾಡ್ರಿ ಅಕ್ಕಾರ. ನಾ ಹೇಳಿದಂಗ ಹಾಕ್ರಿ. ಎಳೀ... ಬಿಡು. ಎಳೀ... ಬಿಡು.”

ಮಗ್ಗದ ಮುಂದೆ ಇಪ್ಪತ್ತು ವರ್ಷ ಕುಳಿತವಳ ತಾಳ ಅದು. ಒಂದು ಚೂರೂ ತಪ್ಪಲಿಲ್ಲ. ಗಳದಿಂದ ನೀರನ್ನು ಮುಟ್ಟಿ ಮುಟ್ಟಿ ಎಲ್ಲಿ ಗೋಡೆಯಿದೆ, ಎಲ್ಲಿ ಇಲ್ಲ ಎಂದು ನೋಡುತ್ತ ಅವಳು ದೋಣಿಯನ್ನು ತಿರುಗಿಸಿದಳು. ನನ್ನ ಸುತ್ತ ಒಂದು ದೊಡ್ಡ ಸುತ್ತು ಹಾಕಿದರು. ನನ್ನ ಪಕ್ಕದಲ್ಲಿ ಹಾಯುವಾಗ ನಾನು ಕೈ ಚಾಚಿದೆ.

“ಅಲ್ಲೇ ನಿಂದರ್ರಿ ಕಸ್ತೂರಕ್ಕಾರ,” ಎಂದಳು ನೀಲಮ್ಮ, ಗೌರವಪೂರ್ವಕವಾಗಿ. “ನೀವು ಹತ್ತಿದ್ರ ಮತ್ತ ಸಿಗತೈತಿ.”

ಅವರು ದಂಡೆ ತಲುಪಿದಾಗ ಎದ್ದ ಚಪ್ಪಾಳೆ ನನಗೆ ಗೋಡೆಯ ಮೇಲೆ ಚೆನ್ನಾಗಿ ಕೇಳಿಸಿತು.

ನಮ್ಮವರು ನನ್ನನ್ನು ಕಾಪಾಡಲು ಕಲ್ಲಿನ ಸಾಲು ಬಿಟ್ಟು ಓಡಿ ಬಂದವರು ನೀರಿನವರೆಗೂ ಬರಲಿಲ್ಲ. ಕೆಸರಿನಲ್ಲಿ ತೊಡೆಯವರೆಗೆ ಹೂತು, ಇನ್ನೊಂದು ಕಂಬವಾಗಿ ನಿಂತರು. ಬಾಯಲ್ಲಿ ಸೀಟಿ ಹಾಗೆಯೇ ಇತ್ತು. ಮೊದಲು ಅವರನ್ನು ಎಳೆದು ತೆಗೆದರು, ಅವರು ಹತ್ತಿರವಿದ್ದರು. ಆಮೇಲೆ ಯಲ್ಲಪ್ಪ ಹರಗೋಲು ತಂದ.

“ಗಳಾ ಯಾರ ಕಿತ್ತಿದ್ರೋ, ಗೊತ್ತಾತೇನ್ರಿ?” ಎಂದು ದಾರಿಯಲ್ಲಿ ಕೇಳಿದ.

“ವಿಚಾರಣೆ ನಡದೈತಿ,” ಎಂದೆ. ಹರಗೋಲು ಎಡಕ್ಕೆ ತಿರುಗಿತು.

ದಂಡೆಗೆ ಬಂದಾಗ ಡಾಕ್ಟರಮ್ಮ ಓಡಿಬಂದು ನನ್ನ ಕೈ ಹಿಡಿದರು. “ಮೇಡಂ, ತುಂಬಾ ಚೆನ್ನಾಗಿತ್ತು! ನೀವು ನೀರಿಗೆ ಹಾರಿ ಮಧ್ಯದಲ್ಲಿ ಗುರುತಿಗೆ ನಿಂತಿದ್ದು, ಅವರು ನಿಮ್ಮನ್ನ ಸುತ್ತಿ ಬಂದಿದ್ದು... ಎಷ್ಟು ದಿನ ಪ್ರಾಕ್ಟೀಸ್ ಮಾಡಿದ್ರಿ?”

ಸುಳ್ಳು ಹೇಳಲು ನಾನು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಜೈತುನ್‌ಬಿ, “ಅಕಿ ಬಿದ್ದಾಳ್ರೀ ಡಾಕ್ಟರ್,” ಎಂದುಬಿಟ್ಟರು.

ನಾನು ಸೀರೆ ಹಿಂಡಿಕೊಳ್ಳುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನೀಲಮ್ಮ ಕಲ್ಲಿನ ಹತ್ತಿರ ನಿಂತಿದ್ದಳು. ಅತ್ತೆ ಅವಳ ಬಲಗೈಯನ್ನು ಹಿಡಿದು ಹಿಂದೆ ಮುಂದೆ ತಿರುವಿ, ನೂಲಿನ ಲಡಿ ಪರೀಕ್ಷಿಸುವಂತೆ ನೋಡಿದರು. ಆಮೇಲೆ ಎರಡೂ ಗಂಟು ಬಿಚ್ಚಿ ರೊಟ್ಟಿಗಳನ್ನೆಲ್ಲ ಒಂದೇ ತಾಟಿಗೆ ಹಾಕಿದರು.

“ಕುಂಡ್ರು. ಉಣ್ಣು ನನ್ನ ಕೂಡ,” ಎಂದರು. ಚಟ್ನಿ ಬಡಿಸುತ್ತ, “ನಾಳಿ ಮಗ್ಗದ ಧೂಳಾ ಝಾಡಸೋಣು,” ಎಂದರು. ನೀಲಮ್ಮ ರೊಟ್ಟಿ ಮುರಿದಳು.

ಮಳೆಗಾಲ ಕಳೆದು ಹಿನ್ನೀರು ಮತ್ತೆ ತುಂಬಿದಾಗ ನಮ್ಮ ಮೊದಲ ಸಭೆ ದಂಡೆಯಲ್ಲಿ ಸೇರಿತು. ಈಗ ನಾವು ಒಂಬತ್ತು ಜನ, ಎರಡು ದೋಣಿ. ನೀಲಮ್ಮ ಕ್ಯಾಪ್ಟನ್ ಆಗಬೇಕೆಂದು ಜೈತುನ್‌ಬಿ ಸೂಚಿಸಿದರು. ಎಲ್ಲರೂ ಅನುಮೋದಿಸಿದರು. ಕಸ್ತೂರಿಬಾಯಿಯವರು ವಾರ ಬಿಟ್ಟು ವಾರ ಹುಟ್ಟು ಹಾಕತಕ್ಕದ್ದು, ಉಳಿದ ವಾರ ದಂಡೆಯಲ್ಲಿದ್ದು ಎಲ್ಲರ ಸಾಮಾನು ಕಾಯತಕ್ಕದ್ದು, ಯಾವ ವಾರವೂ ಎದ್ದು ನಿಲ್ಲತಕ್ಕದ್ದಲ್ಲ ಎಂಬುದು ಎರಡನೆಯ ಠರಾವು. ಭಾಷೆ ತಿದ್ದಿ ಅದನ್ನು ಬರೆದುಕೊಟ್ಟವಳು ನಾನೇ.

ಕಳೆದ ರವಿವಾರ ನನ್ನ ದಂಡೆಯ ಸರದಿ. ಎಂಟೂ ಜನ ದೋಣಿ ಹತ್ತಿದ ಮೇಲೆ ಅವರು ಬಿಟ್ಟ ಚಪ್ಪಲಿಗಳನ್ನು ಕೆಸರಾಗದಿರಲೆಂದು ನನ್ನವುಗಳ ಜೊತೆ ಒಂದು ಗೋಣಿತಾಟಿನ ಮೇಲೆ ಸಾಲಾಗಿ ಜೋಡಿಸಿಟ್ಟು, ಪಕ್ಕದಲ್ಲಿ ಕೊಡೆ ಹಿಡಿದು ಕುಳಿತಿದ್ದೆ. ದೋಣಿಗಳು ದೂರದಲ್ಲಿ ಎರಡು ಚುಕ್ಕಿಯಾಗಿದ್ದವು. ಸೈಕಲ್ ಮೇಲೆ ಬಂದ ಒಬ್ಬ ಹಿರಿಯರು ಇಳಿದು, ಚಪ್ಪಲಿಗಳನ್ನು ಒಂದೊಂದಾಗಿ ನೋಡಿ, ಕೊನೆಯ ಜೋಡಿಯನ್ನು ಕೈಗೆತ್ತಿಕೊಂಡರು.

“ಇವು ಹ್ಯಾಂಗ ಕೊಟ್ರಿ?”

ನಾನು ಮಾರುವವಳಲ್ಲ ಎಂದು ಹೇಳಿದೆ.

“ಕೊಳ್ಳವ್ರು ಯಾರ ಬರ್ತಾರ ಬಿಡ್ರಿ,” ಎಂದು ಅವರು ಸಹಾನುಭೂತಿಯಿಂದ ಕೆಳಗಿಟ್ಟರು. “ಉಳದವು ಛಲೋ ಅದಾವು. ಇವೆರಡು ಭಾಳ ಸವದಾವು.”

ಅವು ನನ್ನವು.